ಮೌನದ ಮಧ್ಯೆ ಒಂದು ಸಾಲು

"ನನ್ನ ಅಕ್ಕನ ಕಿವಿಯೊಳಗೆ ಸಾಸೇಜ್ ಮಾರೋಕೆ ಬಂದಿರೋದು ನೀವೇನಾ?"

ಬಾಗಿಲು ತೆರೆದವನ ಮೊದಲ ಮಾತೇ ಇದು! ನಮಸ್ಕಾರವಿಲ್ಲ, ಒಳಗೆ ಬನ್ನಿ ಎಂಬ ಮರ್ಯಾದೆಯೂ ಇಲ್ಲ.

ಕಲಿನಾ ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಒದ್ದೆ ಕೊಡೆ ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟಳು. ಲಿಫ್ಟ್ ಕೆಟ್ಟು ಐದು ಮಹಡಿ ಹತ್ತಿ ಬಂದಿದ್ದರಿಂದ ಏದುಸಿರು ಬೇರೆ. 'ಎಂಥ ಒರಟ ಇವನು... ನೋಡೋಕೆ ಮಾತ್ರ ಚೆನ್ನಾಗಿದ್ದಾನೆ' ಎಂದುಕೊಂಡಳು. ಎರಡನೆಯ ಯೋಚನೆಗೆ ತನ್ನ ಮೇಲೆ ತನಗೇ ಸಿಟ್ಟು ಬಂತು.

"ಬರೀ ಸಾಸೇಜ್ ಅಲ್ಲ, ಬೂಟೂ ಇದೆ. ಬೇಕಾ?" ಎಂದಳು.

ಒಳಗಿಂದ ಒಂದು ಹೆಣ್ಣುದನಿ ಗಹಗಹಿಸಿ ನಕ್ಕಿತು.

"ತಿಮೊನ್! ಹುಡುಗಿಗೆ ಏದುಸಿರು ಬರ್ತಿದೆ, ಮೊದಲು ಒಳಗೆ ಕರಿಯೋ. ಜಗಳ ಕೂತ್ಕೊಂಡೂ ಆಡ್ಬಹುದು."

ಅವಳೇ ಹಾಲ್ಷ್ಕಾ, ತಿಮೊನ್‌ನ ಅಕ್ಕ. ಹುಟ್ಟಿದಾಗಿನಿಂದ ಕಣ್ಣಿಲ್ಲ. ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಎದುರಿಗಿರುವವರ ಉಸಿರಿನಲ್ಲೇ ಅವರ ಮೂಡ್ ಹೇಳಿಬಿಡುತ್ತಿದ್ದಳು.

ಕಲಿನಾ ಬಂದದ್ದು 'ಲಾಂದ್ರ'ದ ವಿಷಯಕ್ಕೆ. ಚಿತ್ರವೇ ಇಲ್ಲದೆ ಬರೀ ಅಕ್ಷರಗಳಲ್ಲಿ ನಡೆಯುವ ಆನ್‌ಲೈನ್ ಆಟಗಳಿಗಾಗಿ ತಿಮೊನ್ ಬರೆದ ಸಾಫ್ಟ್‌ವೇರ್ ಅದು. 'ನೀನು ಚೌಕದಲ್ಲಿ ನಿಂತಿದ್ದೀಯ, ಉತ್ತರಕ್ಕೆ ಬಾವಿ' ಎಂದು ಪರದೆ ಹೇಳುತ್ತದೆ. 'ಉತ್ತರಕ್ಕೆ ಹೋಗು' ಎಂದು ನೀವು ಟೈಪ್ ಮಾಡುತ್ತೀರಿ. ಇದನ್ನೂ ಯಾರಾದರೂ ಆಡುತ್ತಾರಾ ಎಂದು ಮೂಗು ಮುರಿಯಬೇಡಿ! ಸಾವಿರಾರು ಜನ ಆಡುತ್ತಿದ್ದರು. ಅವರಲ್ಲಿ ಬಹಳ ಮಂದಿ ಹಾಲ್ಷ್ಕಾಳಂಥವರು. ಕಂಪ್ಯೂಟರಿನ ದನಿ ಪ್ರತಿ ಸಾಲನ್ನೂ ಓದಿ ಹೇಳುತ್ತಿತ್ತು, ಅವರು ಕಿವಿಯಿಂದಲೇ ಆಡುತ್ತಿದ್ದರು.

ಆ ವರ್ಷ ಲಾಂದ್ರವನ್ನು ರೊಗಾಲ್ಸ್ಕಿ ಎಂಬ ವ್ಯಾಪಾರಿ ಕೊಂಡುಕೊಂಡಿದ್ದ. ಅದರೊಳಗೆ ಒಂದು ಸಾಲಿನಷ್ಟು ಜಾಗವನ್ನು ಜಾಹೀರಾತಿಗೆ ಮಾರುವುದು ಕಲಿನಾಳ ಕೆಲಸ.

"ಇಲ್ಲಿ ಕೂತ್ಕೋ. ಕಣ್ಣು ಮುಚ್ಚು," ಎಂದಳು ಹಾಲ್ಷ್ಕಾ. ಈರುಳ್ಳಿ ಹಾಕಿದ ಬಿಸಿ ರೊಟ್ಟಿಯೊಂದನ್ನು ಅವಳ ಕೈಗಿಟ್ಟು ಆಟ ಶುರು ಮಾಡಿದಳು.

'ತೋಳ ಗುರುಗುಟ್ಟುತ್ತದೆ,' ಎಂದಿತು ಯಂತ್ರದ ದನಿ. 'ತೋಳ ನಿನ್ನ ಮೇಲೆ ಎರಗುತ್ತದೆ. ನಿನ್ನ ಭುಜ ಹರಿದಿದೆ.'

ಕಣ್ಣು ಮುಚ್ಚಿದ್ದ ಕಲಿನಾಳ ಎದೆ ನಿಜಕ್ಕೂ ಡವಗುಟ್ಟಿತು.

"ಈಗ ಮಧ್ಯದಲ್ಲಿ ನಿಮ್ಮ ಸಾಸೇಜ್ ಬಂದ್ರೆ ಏನ್ಮಾಡ್ತೀರಾ?" ತಿಮೊನ್ ಕುಟುಕಿದ.

"ತೋಳಕ್ಕೆ ಹಾಕ್ತೀನಿ!"

ಹಾಲ್ಷ್ಕಾ ಮೇಜು ಬಡಿದು ನಕ್ಕಳು. ಅವತ್ತೇ ಆಟದಲ್ಲಿ ಕಲಿನಾಳಿಗೊಂದು ಪಾತ್ರ ಹುಟ್ಟಿಸಿ, 'ಸಾಸೇಜ್ ರಾಣಿ' ಎಂದು ಹೆಸರಿಟ್ಟಳು. ತಿಮೊನ್ ಮುಖ ತಿರುಗಿಸಿಕೊಂಡ. ಅವನ ತುಟಿಯ ಅಂಚಿನಲ್ಲಿ ನಗು ಜಾರಿದ್ದನ್ನು ಕಲಿನಾ ನೋಡಿಬಿಟ್ಟಳು.

ಹೊರಡುವ ಮುಂಚೆ ಅವಳಿಗೊಂದು ಉಪಾಯ ಹೊಳೆಯಿತು.

"ಏನೂ ನಡೀದೇ ಇರೋವಾಗ ಮಾತ್ರ ಜಾಹೀರಾತು ಬಂದ್ರೆ? ಯಾರೂ ಮಾತಾಡ್ದೆ, ಹೊಡೆದಾಡ್ದೆ ಅರ್ಧ ನಿಮಿಷ ಸುಮ್ನಿದ್ರೆ... ಆಗ ಒಂದೇ ಸಾಲು. ಯಾರಿಗೂ ತೊಂದ್ರೆ ಆಗಲ್ಲ ಅಲ್ವಾ?"

ತಿಮೊನ್ ಅವಳನ್ನು ಮೊದಲ ಸಲ ನೆಟ್ಟಗೆ ನೋಡಿದ.

"ಇಷ್ಟು ದಿನದಲ್ಲಿ ನಮ್ಮನ್ನ ತೊಂದ್ರೆಯಿಂದ ಉಳಿಸೋ ಮಾತಾಡಿದ್ದು ನೀವೊಬ್ರೇ," ಎಂದ. ಆ ನಿಯಮವನ್ನು ಅವತ್ತೇ ಬರೆದು ಮುಗಿಸಿದ.

ಅವಳ ಒಳ್ಳೆಯತನವೇ ಮುಂದೆ ಅವಳ ಕುತ್ತಿಗೆಗೆ ಬರುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ಆಮೇಲೆ ಪ್ರತಿ ಗುರುವಾರ ಕಲಿನಾ ಆ ಐದು ಮಹಡಿ ಹತ್ತತೊಡಗಿದಳು. ಹೊಸ ಜಾಹೀರಾತು ಮಾರುವ ಮುಂಚೆ ಹಾಲ್ಷ್ಕಾಳ ಕಿವಿಗೆ ಅದನ್ನು ಕೇಳಿಸಿ ಒಪ್ಪಿಗೆ ಪಡೆಯುವುದು ಅವರ ಪದ್ಧತಿಯಾಯಿತು.

"ಈ ಬೂಟಿನ ಸಾಲು ತೆಗಿ, ಕೇಳಿದ್ರೆ ಹಲ್ಲುನೋವು ಬರುತ್ತೆ," ಎನ್ನುತ್ತಿದ್ದಳು ಹಾಲ್ಷ್ಕಾ. "ಜೇನಿನದು ಪರವಾಗಿಲ್ಲ. ಅಂದಹಾಗೆ ತಿಮೊನ್, ಗುರುವಾರ ಮಾತ್ರ ನೀನು ಗಡ್ಡ ಬೋಳಿಸ್ತೀಯಲ್ಲ, ಯಾಕೆ? ಸೋಪಿನ ವಾಸನೆ ನನಗೆ ಬರಲ್ಲ ಅಂದ್ಕೊಂಡ್ಯಾ?"

ತಿಮೊನ್‌ನ ಕಿವಿ ಕೆಂಪಾಗುತ್ತಿತ್ತು. ಕಲಿನಾ ಚಹಾದ ಗ್ಲಾಸಿನೊಳಗೆ ನಿಂಬೆಯ ಬಿಲ್ಲೆಯನ್ನೇ ಹುಡುಕುವವಳಂತೆ ತಲೆ ಬಗ್ಗಿಸುತ್ತಿದ್ದಳು.

ಕ್ರಿಸ್‌ಮಸ್‌ಗೆ ಮುಂಚಿನ ಒಂದು ಸಂಜೆ, ಟ್ರಾಲಿಬಸ್ ನಿಲ್ದಾಣದಲ್ಲಿ ಹಿಮ ಬೀಳುತ್ತಿತ್ತು.

"ನಿಮಗೆ ಚಳಿಯಾಗ್ತಿಲ್ವಾ?" ಎಂದ ಅವಳನ್ನು ಬಸ್ಸು ಹತ್ತಿಸಲು ಬಂದಿದ್ದ ತಿಮೊನ್.

"ಇನ್ನೂ ಎಷ್ಟು ದಿನ ನೀವು, ನಿಮಗೆ ಅಂತಿರ್ತೀರಾ?"

ಅವನು ಅವಳ ಕೋಟಿನ ಮೇಲಿನ ಹಿಮ ಕೊಡವಿದ.

"ನಿನಗೆ... ಚಳಿಯಾಗ್ತಿಲ್ವಾ?"

ಆ ಒಂದು 'ನಿನಗೆ' ಸಾಕಿತ್ತು ಅವಳಿಗೆ! ಬಂದ ಬಸ್ಸನ್ನು ಬಿಟ್ಟಳು. ಮುಂದಿನ ಬಸ್ಸನ್ನೂ ಬಿಟ್ಟಳು.

ಜನವರಿಯಲ್ಲಿ ಹಾಲ್ಷ್ಕಾ ತೀರಿಕೊಂಡಳು. ಹೃದಯಾಘಾತ. ಆಸ್ಪತ್ರೆಯ ಟೆಲಿಫೋನಿನ ಮುಂದೆ ಕೂತಲ್ಲೇ.

ಆಟದಲ್ಲೊಂದು ಸಂಪ್ರದಾಯವಿತ್ತು. ಆಡುವವರಲ್ಲಿ ಯಾರಾದರೂ ನಿಜವಾಗಿ ಸತ್ತರೆ, ಎಲ್ಲ ಊರುಗಳಿಂದ ಎಲ್ಲರೂ ಆಟದ ಚೌಕಕ್ಕೆ ಬಂದು ಸೇರುತ್ತಾರೆ. ಒಬ್ಬೊಬ್ಬರೂ ದೀಪ ಹಚ್ಚುತ್ತಾರೆ. ಆಮೇಲೆ ಹತ್ತು ನಿಮಿಷ ಯಾರೂ ಒಂದಕ್ಷರವನ್ನೂ ಟೈಪ್ ಮಾಡುವುದಿಲ್ಲ. ಸದಾ ಕಿವಿಯಲ್ಲಿ ವಟಗುಟ್ಟುವ ಯಂತ್ರದ ದನಿ ನಿಂತುಹೋಗುತ್ತದೆ. ಕಣ್ಣಿಲ್ಲದವರಿಗೆ ಅದೇ ಶ್ರದ್ಧಾಂಜಲಿ.

"ಶುಕ್ರವಾರ ಸಂಜೆ ಅಕ್ಕನಿಗೆ ಮೌನ," ಎಂದ ತಿಮೊನ್. ಅವನ ದನಿಯಲ್ಲಿ ಜೀವವಿರಲಿಲ್ಲ.

ಕಲಿನಾ ಮೈಮರೆಯಲಿಲ್ಲ, ಆ ಮಾತನ್ನಂತೂ ನಾನು ಆಣೆ ಮಾಡಿ ಹೇಳುತ್ತೇನೆ. ಯಾವ ಸಾಲು ಯಾವಾಗ ಹೋಗಬೇಕೆಂಬುದು ಆಫೀಸಿನ ಕಂಪ್ಯೂಟರಿನಲ್ಲಿತ್ತು, ಅದು ರೊಗಾಲ್ಸ್ಕಿಯ ಕೈಯಲ್ಲಿತ್ತು. ಅವಳು ನೇರ ಅವನ ಕೋಣೆಗೇ ಹೋದಳು.

"ಸರ್, ಶುಕ್ರವಾರ ಸಂಜೆ ಎಲ್ಲರೂ ಚೌಕದಲ್ಲಿ ಸೇರ್ತಾರೆ, ಒಬ್ರೂ ತಪ್ಪಿಸಲ್ಲ. ಅವತ್ತು ಜಾಹೀರಾತು ಬೇಡ. ದಯವಿಟ್ಟು ನಿಲ್ಸಿ."

"ಎಲ್ಲರೂ ಸೇರ್ತಾರಾ?" ರೊಗಾಲ್ಸ್ಕಿ ತಲೆಯೆತ್ತಿದ.

"ಎಲ್ಲರೂ ಸರ್."

"ಆಯ್ತಮ್ಮಾ, ನಾನು ನೋಡ್ಕೊಳ್ತೀನಿ."

ಅವಳು ನಂಬಿದಳು. ಅಳುವ ಮನಸ್ಸಿಗೆ ನಂಬುವುದು ಸುಲಭ.

ಶುಕ್ರವಾರ ತಿಮೊನ್ ಅಕ್ಕನ ಕಂಪ್ಯೂಟರ್ ಹಾಕಿ ಸ್ಪೀಕರಿನ ದನಿ ಏರಿಸಿದ. ಕಲಿನಾ ಪಕ್ಕದಲ್ಲಿ ಕೂತು ಅವನ ಕೈ ಹಿಡಿದಿದ್ದಳು. ಒಬ್ಬೊಬ್ಬರೇ ಬಂದರು. 'ದೀಪ ಹಚ್ಚುತ್ತಾನೆ... ದೀಪ ಹಚ್ಚುತ್ತಾಳೆ...' ಯಂತ್ರ ಓದುತ್ತಲೇ ಹೋಯಿತು. ಕೊನೆಯ ದೀಪವೂ ಹತ್ತಿತು. ದನಿ ನಿಂತಿತು.

ಮೌನ.

ತಿಮೊನ್ ಕಣ್ಣು ಮುಚ್ಚಿದ. ಅವನ ಕೆನ್ನೆ ಒದ್ದೆಯಾಗಿತ್ತು.

ಅರ್ಧ ನಿಮಿಷ ಕಳೆಯಿತು.

'ಸುಖವಾಗಿ ಮಲಗಿ!' ಎಂದು ಯಂತ್ರ ಉಲ್ಲಾಸದಿಂದ ಕೂಗಿತು. 'ಮತ್ತೆ ಏಳಲು ಮನಸ್ಸೇ ಬಾರದಂಥ ಹಾಸಿಗೆ! ಇಂದೇ ಬನ್ನಿ!'

ಕಲಿನಾ ತಟ್ಟನೆ ತಿಮೊನ್‌ನ ಮುಖ ನೋಡಿದಳು. 'ಅಯ್ಯೋ ದೇವರೇ... ಇಲ್ಲ... ನಿಲ್ಲಿಸಿದ್ದರಲ್ಲಾ!'

ಮೌನ ಮುರಿಯಬಾರದೆಂದು ಚೌಕದಲ್ಲಿ ಯಾರೂ ಟೈಪ್ ಮಾಡಲಿಲ್ಲ. ಯಾರೂ ಟೈಪ್ ಮಾಡಲಿಲ್ಲವೆಂದೇ ಅದು ಮತ್ತೆ ಬಂತು.

'ಸುಖವಾಗಿ ಮಲಗಿ! ಮತ್ತೆ ಏಳಲು...'

ಮತ್ತೆ. ಮತ್ತೆ. ನೂರಾರು ಮನೆಗಳಲ್ಲಿ, ನೂರಾರು ಕಿವಿಗಳಲ್ಲಿ. ಕೊನೆಗೆ ಯಾರೋ ತಾಳಲಾರದೆ ಬರೆದರು: 'ಛೀ! ಸತ್ತವಳ ಮೇಲೂ ವ್ಯಾಪಾರವಾ?' ಆಮೇಲೆ ಒಬ್ಬೊಬ್ಬರೇ ಹೊರಟುಹೋದರು.

ತಿಮೊನ್ ಎದ್ದು ರೊಗಾಲ್ಸ್ಕಿಗೆ ಫೋನ್ ಮಾಡಿದ. ಹೆಚ್ಚು ಹೊತ್ತು ಮಾತಾಡಲಿಲ್ಲ. ತಿರುಗಿ ಬಂದವನ ಮುಖ ಕಂಡು ಕಲಿನಾ ಹೆದರಿದಳು.

"ಶುಕ್ರವಾರ ಎಲ್ಲರೂ ಸೇರ್ತಾರೆ, ಒಬ್ರೂ ತಪ್ಪಿಸಲ್ಲ ಅಂತ ಅವನಿಗೆ ಹೇಳಿದ್ದು ನೀವೇನಾ?"

ನೀವು!

"ಹೇಳ್ದೆ. ಆದ್ರೆ..."

"ಹೇಳಿದ್ರಿ."

"ತಿಮೊನ್, ಪೂರ್ತಿ ಕೇಳು..."

"ಅದಕ್ಕೇ ಹಾಸಿಗೆಯವನು ಇವತ್ತಿನ ಸಂಜೇನೇ ಕೊಂಡ್ಕೊಂಡನಂತೆ. ಒಳ್ಳೆ ವ್ಯಾಪಾರ ಮಾಡ್ಸಿದ್ರಿ." ಅವನು ಬಾಗಿಲ ಕಡೆ ಕೈ ತೋರಿಸಿದ. "ನಿಮ್ಮ ಕೋಟು ಅಲ್ಲಿದೆ."

ಮೆಟ್ಟಿಲಿಳಿಯುವಾಗ ಕಲಿನಾಳಿಗೆ ಅಳುವೂ ಬರಲಿಲ್ಲ.

ಸೋಮವಾರ ಅವಳು ರೊಗಾಲ್ಸ್ಕಿಯ ಮೇಜಿನ ಮುಂದೆ ನಿಂತಳು.

"ನಿಲ್ಸಿ ಅಂದಿದ್ದೆ ನಾನು!"

"ಅಂದಿರ್ಬೋದು. ಎಲ್ಲರೂ ಬರ್ತಾರೆ ಅಂದಿದ್ದೂ ನೀನೇ. ನಿನ್ನ ಕೆಲ್ಸ ಏನಮ್ಮಾ, ಮಾರೋದಾ, ನಿಲ್ಸೋದಾ?"

ಅವತ್ತೇ ಕೆಲಸ ಬಿಟ್ಟು ಔಷಧಿ ಅಂಗಡಿಯೊಂದರ ಕೌಂಟರಿಗೆ ಸೇರಿದಳು. ತಿಮೊನ್‌ಗೆ ಫೋನ್ ಮಾಡಲು ಎಷ್ಟೋ ಸಲ ಕೈ ಹೋಯಿತು. 'ಏನಂತ ಹೇಳಲಿ? ಸುಮ್ಮನಿದ್ದಾಗ ಜಾಹೀರಾತು ಬರಲಿ ಅಂದವಳು ನಾನೇ ಅಲ್ಲವಾ? ಹಾಲ್ಷ್ಕಾಳ ಮೌನವನ್ನು ತೂತು ಮಾಡಿದ್ದು ನನ್ನ ಉಪಾಯವೇ ತಾನೆ?' ಕೈ ಹಿಂದಕ್ಕೆ ಬರುತ್ತಿತ್ತು. ಅವನೂ ಫೋನ್ ಮಾಡಲಿಲ್ಲ. ಅತ್ತ ಲಾಂದ್ರವನ್ನೂ ಅದರ ಆಟವನ್ನೂ ಜನ ಕೈಬಿಟ್ಟರು. ಜನವಿಲ್ಲದ ಮೇಲೆ ಜಾಹೀರಾತು ಯಾರಿಗೆ? ಬೇಸಿಗೆಯ ಹೊತ್ತಿಗೆ ರೊಗಾಲ್ಸ್ಕಿಯೂ ಅದನ್ನು ಬಿಟ್ಟು ಬೇರೆ ವ್ಯಾಪಾರಕ್ಕೆ ಹೋದ.

ನವೆಂಬರ್ ಒಂದು. ಸತ್ತವರನ್ನು ನೆನೆಯುವ ದಿನ. ಸ್ಮಶಾನದ ತುಂಬ ಗಾಜಿನ ದೀಪಗಳು ಉರಿಯುತ್ತಿದ್ದವು. ಹಾಲ್ಷ್ಕಾಳ ಸಮಾಧಿಯ ಮುಂದೆ ಕಲಿನಾ ದೀಪ ಇಟ್ಟು ತಲೆಯೆತ್ತಿದರೆ, ಎದುರಿಗೆ ತಿಮೊನ್! ಸೊರಗಿದ್ದ. ಗಡ್ಡ ಬೆಳೆದಿತ್ತು.

ಅವನೂ ಬಗ್ಗಿ ತನ್ನ ದೀಪ ಇಟ್ಟ.

"ಅವತ್ತು ನನ್ನ ಮಾತು ಅರ್ಧಕ್ಕೇ ನಿಂತ್ಹೋಯ್ತು," ಎಂದಳು ಕಲಿನಾ. "ರೊಗಾಲ್ಸ್ಕಿ ಅರ್ಧ ಕೇಳಿಸ್ಕೊಂಡ. ನೀವೂ ಅದೇ ಅರ್ಧ ಕೇಳಿಸ್ಕೊಂಡ್ರಿ. ಉಳಿದಿದ್ದನ್ನ ಕೇಳ್ತೀರಾ?"

ಅವನು ಹೂಂ ಎಂದು ತಲೆಯಾಡಿಸಿದ. ಆದರೆ ಅವಳ ಬಾಯಿಂದ ಒಂದು ಪದವೂ ಹೊರಬರಲಿಲ್ಲ.

"ಮನೆಗೆ ಬನ್ನಿ," ಎಂದ ಮೆಲ್ಲಗೆ.

ಲಿಫ್ಟ್ ಇನ್ನೂ ರಿಪೇರಿಯಾಗಿರಲಿಲ್ಲ. ಹಾಲ್ಷ್ಕಾಳ ಕಂಪ್ಯೂಟರ್ ಇದ್ದಲ್ಲೇ ಇತ್ತು. ಕಲಿನಾ ಕೋಟು ಸಹ ತೆಗೆಯದೆ ಅದರ ಮುಂದೆ ಕುರ್ಚಿಯ ತುದಿಯಲ್ಲಿ ಕೂತಳು. ಬಾಯಿಗೆ ಬಾರದ ಮಾತು ಬೆರಳಿಗಾದರೂ ಬರಲಿ ಎಂದು ಆಟದೊಳಗೆ ಹೋದಳು. ಚೌಕ ಖಾಲಿ. ಅವನು ಪಕ್ಕದಲ್ಲಿ ತನ್ನ ಕಂಪ್ಯೂಟರಿನಿಂದ ಬಂದ. ಇಡೀ ಊರಿನಲ್ಲಿ ಇಬ್ಬರೇ.

'ಸಾಸೇಜ್ ರಾಣಿ ಹೇಳುತ್ತಾಳೆ,' ಎಂದಿತು ಯಂತ್ರ, ಹಾಸಿಗೆ ಮಾರಿದ ಅದೇ ಉಲ್ಲಾಸದ ದನಿಯಲ್ಲಿ. 'ಶುಕ್ರವಾರ ಎಲ್ಲರೂ ಸೇರ್ತಾರೆ. ಅವತ್ತು ಜಾಹೀರಾತು ಬೇಡ. ದಯವಿಟ್ಟು ನಿಲ್ಸಿ. ನಾನು ಅವನಿಗೆ ಹೇಳಿದ್ದು ಇಷ್ಟು.'

ತಿಮೊನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

'ಸಾಸೇಜ್ ರಾಣಿ ಹೇಳುತ್ತಾಳೆ. ನಿಜವಾಗ್ಲೂ ನಿಲ್ಸಿದ್ನಾ ಅಂತ ನಾನು ನೋಡ್ಲಿಲ್ಲ. ಅದು ನನ್ನ ತಪ್ಪು. ಅವಳನ್ನ ನಾನೂ ಅಕ್ಕ ಅಂದ್ಕೊಂಡಿದ್ದೆ. ನಿಮ್ಮನ್ನ ಪ್ರೀತಿಸ್ತಿದ್ದೆ. ಈಗ್ಲೂ.'

ಆಮೇಲೆ ಅವನೂ ಟೈಪ್ ಮಾಡಿದ.

'ತಿಮೊನ್ ಹೇಳುತ್ತಾನೆ. ಆ ನಿಯಮ ಬರೆದ ಕೈ ನನ್ನದು. ಅಕ್ಕನ ಮೌನದಲ್ಲಿ ಅದು ಏನು ಮಾಡುತ್ತೆ ಅಂತ ನನಗೇ ಹೊಳೀಲಿಲ್ಲ. ತಪ್ಪು ನನ್ನದೂ ಅಂತ ಅವತ್ತೇ ನನಗೆ ಗೊತ್ತಾಗಿತ್ತು. ನನ್ನನ್ನ ಬೈದ್ಕೊಳ್ಳೋಕೆ ಧೈರ್ಯ ಇರ್ಲಿಲ್ಲ. ನೀವು ಪಕ್ಕದಲ್ಲೇ ಸಿಕ್ಕಿದ್ರಿ.'

ಎಂಥ ಕಹಿ ಮಾತು! ಆದರೆ ನಿಜವಾದ ಮಾತು. ಕಲಿನಾ ಈಗ ಅತ್ತಳು, ಹತ್ತು ತಿಂಗಳಿಂದ ಕಟ್ಟಿಕೊಂಡಿದ್ದೆಲ್ಲ ಒಡೆದು ಬಿಕ್ಕಿ ಬಿಕ್ಕಿ ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಅವನಿಗೂ ಆಗುತ್ತಿರಲಿಲ್ಲ.

ಕಣ್ಣೊರೆಸಿಕೊಂಡು ಅವಳು ಒಂದೇ ಸಾಲು ಬರೆದಳು. 'ಸಾಸೇಜ್ ರಾಣಿ ದೀಪ ಹಚ್ಚುತ್ತಾಳೆ.'

'ತಿಮೊನ್ ದೀಪ ಹಚ್ಚುತ್ತಾನೆ.'

ದನಿ ನಿಂತಿತು.

ಅರ್ಧ ನಿಮಿಷವಾಗುತ್ತಾ ಬಂದಂತೆ ಇಬ್ಬರ ಮೈಯೂ ಬಿಗಿಯಿತು. ತಿಮೊನ್‌ನ ಕೈ ಮೇಜಿನ ಮೇಲಿತ್ತು. ಅವಳು ಅದರ ಮೇಲೆ ತನ್ನ ಕೈಯಿಟ್ಟಳು.

ಯಂತ್ರ ಏನೂ ಹೇಳಲಿಲ್ಲ. ಹಾಲ್ಷ್ಕಾಳಿಗೆ ಸಿಗಬೇಕಿದ್ದ ಮೌನ ಅವತ್ತು ಸಿಕ್ಕಿತು. ಕೇಳಲು ಇದ್ದವರು ಮಾತ್ರ ಇಬ್ಬರೇ.

ಹತ್ತು ನಿಮಿಷದ ಮೇಲೆ ಕಲಿನಾ ಎದ್ದಳು. "ಹೊರಡ್ತೀನಿ," ಎಂದಳು ಬಾಗಿಲ ಕಡೆ ನೋಡುತ್ತಾ.

"ಕಲಿನಾ..."

"ಏನು?"

"ಕೋಟು ತೆಗೆದಿಡು."

ಅವಳು ಬಾಗಿಲಿನಿಂದ ಅವನ ಕಡೆ ತಿರುಗಿದಳು. ಆಮೇಲೆ ಗುಂಡಿ ಬಿಚ್ಚತೊಡಗಿದಳು.

"ಎಲ್ಲಿಡ್ಲಿ?"

"ಅಲ್ಲೇ," ಎಂದ ಅವನು. "ನಿನ್ನ ಜಾಗದಲ್ಲೇ."