ಕೇಳದೆ ಹಿಡಿಯದ ಕೈ

ಶ್ರೀಶೈಲ ಅವರು ತೀರಿಕೊಂಡ ಸುದ್ದಿ ಬಂದಾಗ, ನಾನು ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಕೆಳಗೆ ಅವರಿಗಾಗಿಯೇ ಕಾಯುತ್ತಿದ್ದೆ. ಸೋಮವಾರ. ಅಂದು ಅವರಿಗೆ ಒಂದು ಉತ್ತರ ಹೇಳಬೇಕಿತ್ತು.

"ಆಂಟಿ, ಅಪ್ಪಾಜಿ ಹೋದ್ರು," ಎಂದಳು ಅವರ ಮಗಳು ಸುವರ್ಣಾ ಫೋನಿನಲ್ಲಿ. "ಬೆಳಿಗ್ಗೆ ಪೂಜೆಗೆ ಕೂತವರು ಏಳಲಿಲ್ಲ."

ಹೊಸಹಳ್ಳಿಯ ಅವರ ಮನೆಗೆ ಆಟೋ ಹತ್ತಿದೆ.

ನಮ್ಮ ಪರಿಚಯವಾದದ್ದು ರಾಜಾಜಿನಗರದ ಒಂದು ಸೀರೆ ಅಂಗಡಿಯಲ್ಲಿ. ಕಳ್ಳತನದ ಸುಳ್ಳು ಅನುಮಾನದಿಂದ ಕಾವಲಿನವನು ನನ್ನ ತೋಳು ಹಿಡಿದೆಳೆದು ಹಿಂದಿನ ಕೋಣೆಗೆ ನೂಕಿ ಬಾಗಿಲು ಹಾಕಿದ್ದ. ಬ್ಯಾಗಿನಲ್ಲಿ ಏನೂ ಸಿಗದಿದ್ದರೂ ಬಿಡಲಿಲ್ಲ. ಕೊನೆಗೆ ಬಾಗಿಲು ತೆಗೆಸಿದವರು ಮಗಳಿಗೆ ಸೀರೆ ಕೊಳ್ಳಲು ಬಂದಿದ್ದ ಶ್ರೀಶೈಲ ಅವರು. ವೃತ್ತಿಯಲ್ಲಿ ವಕೀಲರು.

"ನನಗೆ ಪೆಟ್ಟೇನೂ ಆಗಿಲ್ಲ, ಬಿಡಿ ಸಾರ್," ಎಂದೆ.

"ಪೆಟ್ಟು ಆಗಬೇಕಂತಿಲ್ರಿ. ಒಪ್ಪಿಗಿ ಇಲ್ದ ಬೇಕಂತಲೇ ಮೈ ಮುಟ್ಟಿದ್ದು ಒಂದು ತಪ್ಪು. ಹೋಗಾಕ ಬಿಡದ ಕೂಡಿಹಾಕಿದ್ದು ಇನ್ನೊಂದು. ಎರಡಕ್ಕೂ ಪರಿಹಾರ ಕೇಳಬಹುದು."

ಗಂಡ ತೀರಿಕೊಂಡ ಮೇಲೆ ನನಗಾದದ್ದನ್ನು ತಪ್ಪು ಎಂದು ಕರೆದವರು ಇವರೊಬ್ಬರೇ. ಕೇಸು ಹಾಕಿದೆವು. ಕೇಸು ಮುಗಿದರೂ ಸೋಮವಾರಗಳು ಮುಗಿಯಲಿಲ್ಲ. ಶಿವನ ಗುಡಿಗೆ ಹೋಗುವುದು, ಕಾಫಿ ಕುಡಿಯುವುದು. ಅವರಿಗೂ ಮನೆಯಲ್ಲಿ ಹೆಂಡತಿಯ ಫೋಟೊ ಮಾತ್ರ ಇತ್ತು.

ಒಮ್ಮೆ ತಮಾಷೆಗೆ ಕೊಡೆ ಎತ್ತಿ, "ಹೊಡೀತೀನಿ ನೋಡಿ," ಎಂದೆ.

"ಇದೂ ಕೇಸೇ ರೀ. ಆ ಕೊಡಿ ಮೈಗೆ ತಾಗಬೇಕಂತಿಲ್ಲ. ಈಗ ಏಟು ಬೀಳ್ತದ ಅಂತ ನನಗ ಅನಿಸಿದ್ರ ಸಾಕು."

"ಅನಿಸ್ತಾ?"

ಕನ್ನಡಕದ ಮೇಲಿಂದ ನೋಡಿದರು. "ಇಲ್ರಿ."

"ಹಾಗಾದ್ರೆ ಕೇಸಿಲ್ಲ, ಕಾಫಿ ಕುಡೀರಿ."

ರಸ್ತೆ ದಾಟುವಾಗ ನಾನು ವಾಹನಗಳಿಗೆ ಹೆದರುತ್ತಿದ್ದೆ. ಅವರು ಮಗ್ಗುಲಲ್ಲೇ ನಿಲ್ಲುತ್ತಿದ್ದರು, ಕೈ ಮಾತ್ರ ಮುಟ್ಟುತ್ತಿರಲಿಲ್ಲ. ಕಳೆದ ಸೋಮವಾರ ಮೊದಲ ಸಲ ಕೇಳಿದರು.

"ನೀಲಾಂಬಿಕಾ ಅವರ, ಕೈ ಹಿಡಿಲೇನ್ರಿ?"

"ರಸ್ತೆ ದಾಟೋಕಾ?"

"ರಸ್ತಿಗಷ್ಟ ಅಲ್ರಿ."

"ಮುಂದಿನ ಸೋಮವಾರ ಹೇಳ್ತೀನಿ," ಎಂದೆ. ಅವರು ನಕ್ಕರು. ಅಂದು ಇಬ್ಬರೂ ಕೈ ಹಿಡಿಯದೆಯೇ ದಾಟಿದೆವು.

ಹೊಸಹಳ್ಳಿಯ ಮನೆಯ ಪಡಸಾಲೆಯಲ್ಲಿ ಅವರನ್ನು ಕೂರಿಸಿದ್ದರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಬಂಧುಗಳು ಒಬ್ಬೊಬ್ಬರಾಗಿ ಪಾದ ಮುಟ್ಟಿ ಹೋಗುತ್ತಿದ್ದರು. ನಾನು ಆ ಮನೆಗೆ ಏನೂ ಅಲ್ಲ. ಬಾಗಿಲ ಬಳಿಯೇ ನಿಂತೆ.

ಸುವರ್ಣಾ ಬಂದು ನನ್ನನ್ನು ಮುಂದೆ ಕರೆದುಕೊಂಡು ಹೋದಳು. ತೊಡೆಯ ಮೇಲಿದ್ದ ಅವರ ಬಲಗೈ ನೋಡಿದೆ. ಒಪ್ಪಿಗೆ ಕೇಳೋಣವೆಂದರೆ ಹೇಳುವವರು ಇಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಅವಳಿಗೆ ಅರ್ಥವಾಯಿತು. "ಅಪ್ಪಾಜಿ ಬ್ಯಾಡ ಅಂತಿದ್ರೇನ್ರಿ, ಆಂಟಿ? ಇವತ್ತ ನೀವು ಏನ ಹೇಳ್ತೀರೋ ಅಂತ ನಿನ್ನೆಯೆಲ್ಲಾ ಅದ ಮಾತು."

ಆ ಕೈಯನ್ನು ನನ್ನ ಎರಡು ಕೈಗಳಲ್ಲಿ ಹಿಡಿದೆ. ತಣ್ಣಗಿತ್ತು. ಬಾಗಿ, ಅವರಿಗಷ್ಟೇ ಕೇಳುವ ಹಾಗೆ, "ಹೂಂ ರೀ," ಎಂದೆ.

ಶಿವನೇ, ಕೇಳದೆ ಯಾರ ಕೈಯನ್ನೂ ಹಿಡಿಯದ ಜೀವ ಇದು. ನೀನೂ ಕೇಳಿ, ಮೆಲ್ಲಗೆ ಕೈ ಹಿಡಿದು ಆಚೆ ದಾಟಿಸು. ಅವರಿಗೆ ಶಾಂತಿ ಕೊಡು.