ಡ್ರೂಸಿಲ್ಲಾ ಹೇಳಿದ ಸಾಕ್ಷಿ

ಅಡುಗೆಮನೆಯ ಬಾಗಿಲು ದೂಡಿಕೊಂಡು ಒಳಗೆ ಬಂದ ತಮ್ಮನನ್ನು ಕಂಡು ಡ್ರೂಸಿಲ್ಲಾಳ ಕೈಯಲ್ಲಿದ್ದ ಹಿಟ್ಟಿನ ಬೋಗುಣಿ ನೆಲಕ್ಕೆ ಬಿತ್ತು. ರೂಫಸ್‌ನ ಅಂಗಿಯ ತೋಳು ಮೊಣಕೈವರೆಗೂ ರಕ್ತದಲ್ಲಿ ತೊಯ್ದಿತ್ತು!

"ಅಯ್ಯೋ, ಎಲ್ಲಿ ಪೆಟ್ಟಾಯ್ತೋ? ತೋರಿಸೋ!"

"ನನ್ನ ರಕ್ತ ಅಲ್ಲ ಅಕ್ಕ," ಎಂದು ನಕ್ಕ ರೂಫಸ್. "ಆ ಕರಿಯ ಇದ್ದಾನಲ್ಲ, ದೋಣಿ ಪೀಕ್, ಅವನದು. ಓಡಿಬಂದ ಮತ್ತಿಬ್ಬರು ಗುಲಾಮರನ್ನ ಕೆಂಟಕಿ ದಡದಿಂದ ನದಿಯ ಈಚೆಗೆ ದಾಟಿಸಿದ್ದ. ಅವನ ದೋಣಿಯ ಹುಟ್ಟಿನಿಂದಲೇ ಅವನಿಗೆ ಬಾರಿಸಿದೆ."

"ಸತ್ತನೇನೋ...?"

"ಮೂರನೇ ಏಟಿಗೇ ಸುಮ್ಮನಾದ. ಆಮೇಲೂ ಹೊಡೆದೆ."

ಅವನು ಕೈ ತೊಳೆದುಕೊಂಡ, ಅಂಗಿಯನ್ನು ಒಲೆಗೆ ತುರುಕಿದ, ಭಾವನ ಅಂಗಿ ತೊಟ್ಟು ಹೊರಟೇಹೋದ. ತಾಯಿ ಸತ್ತಾಗ ಮೂರು ವರ್ಷದವನಾಗಿದ್ದ ಅವನನ್ನು ಡ್ರೂಸಿಲ್ಲಾ ತಾನೇ ಉಣಿಸಿ ಬೆಳೆಸಿದ್ದಳು.

ಅವಳ ಗಂಡ ಎಲೈಹು ಪ್ರೆಂಟಿಸ್ ಆ ಜಿಲ್ಲೆಯ ಸರ್ಕಾರಿ ವಕೀಲ. ಎರಡು ಕಾನೂನು ಪುಸ್ತಕ ಹಿಡಿದು ಓಹಾಯೋ ನದಿ ದಡದ ಆ ಪುಟ್ಟ ಊರಿಗೆ ಬಂದಿದ್ದವನನ್ನು ಮೇಲೆತ್ತಿದವರು ಅವಳ ತಂದೆ ಕರ್ನಲ್ ಹ್ಯಾಡ್ಲಿ. ಈಗ ಎಲೈಹು ಇಂಡಿಯಾನಾ ಶಾಸನಸಭೆಗೆ ನಿಂತಿದ್ದ. ಊರಿನ ಮತವೆಲ್ಲ ಮಾವನ ಮುಷ್ಟಿಯಲ್ಲಿತ್ತು.

ಸಂಜೆ ಪೀಕ್‌ನ ಹೆಂಡತಿ ಕೆಝಾಯ ಬಂದು ಹಿತ್ತಿಲ ಮೆಟ್ಟಿಲ ಬಳಿ ನಿಂತಳು. ಅವಳು ಅಳುತ್ತಿರಲಿಲ್ಲ.

"ಹೊಡೆದವನು ನಿಮ್ಮ ಭಾವಮೈದ, ಸ್ವಾಮಿ. ನನ್ನ ಕಣ್ಣೆದುರೇ ಹೊಡೆದ."

ಎಲೈಹು ತಲೆ ತಗ್ಗಿಸಿದ. "ಬಿಳಿಯನ ಮೇಲೆ ಕರಿಯರು ಹೇಳೋ ಸಾಕ್ಷಿಯನ್ನ ಇಲ್ಲಿನ ಕೋರ್ಟು ಕೇಳೋದಿಲ್ಲ, ತಾಯಿ. ಕಾನೂನೇ ಹಾಗಿದೆ."

"ಹಾಗಾದ್ರೆ ದೇವರು ನನಗೆ ಕಣ್ಣು ಯಾಕೆ ಕೊಟ್ಟ, ಸ್ವಾಮಿ?"

ಬಾಗಿಲ ಮರೆಯಲ್ಲಿದ್ದ ಡ್ರೂಸಿಲ್ಲಾಳಿಗೆ ಇನ್ನು ತಡೆಯಲಾಗಲಿಲ್ಲ. ಕೆಝಾಯ ಹೋದೊಡನೆ ಗಂಡನ ಮುಂದೆ ಕುಸಿದು ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಮರುದಿನವೇ ಎಲೈಹು ರೂಫಸ್‌ನನ್ನು ಸೆರೆಗೆ ತಳ್ಳಿಸಿದ. ಹೆಂಡತಿಗೆ ಮಾತ್ರ, "ನಿನ್ನನ್ನ ಕಟಕಟೆಗೆ ಕರೆಯೋಲ್ಲ ಕಣೇ. ನಿನ್ನ ಕೈಯಿಂದಲೇ ತಮ್ಮನಿಗೆ ಹಗ್ಗ ಹಾಕಿಸೋಷ್ಟು ಕಟುಕ ನಾನಲ್ಲ," ಎಂದ.

ಮೂರನೆಯ ದಿನ ನಡುಮಧ್ಯಾಹ್ನ, ಊಟದ ಬುತ್ತಿ ಹಿಡಿದು ಹೋದ ಡ್ರೂಸಿಲ್ಲಾ ಕಂಡದ್ದೇನು! ಕೋರ್ಟಿನ ಮೆಟ್ಟಿಲ ಮೇಲೆ ಅವಳ ತಂದೆ ದಪ್ಪ ಕೈಗೋಲು ಹಿಡಿದು ಗಂಡನ ದಾರಿಗೆ ಅಡ್ಡ ನಿಂತಿದ್ದರು.

"ಒಬ್ಬ ಕರಿಯನಿಗೋಸ್ಕರ ನನ್ನ ಮಗನನ್ನ ನೇಣಿಗೆ ಹಾಕ್ತೀಯೇನೋ? ಕೇಸು ಬಿಡು. ನಿನ್ನನ್ನ ಗೆಲ್ಲಿಸೋದು ನನಗೆ ಬಿಡು."

"ಆಗೋಲ್ಲ ಮಾವ."

"ನನ್ನ ಮನೆಯ ಅನ್ನ ತಿಂದ ನಾಯಿ!"

ಮೊದಲ ಏಟು ಕಣ್ಣಿಗೇ ಬಿತ್ತು. ಎರಡನೆಯದಕ್ಕೆ ಬಲಗೈ ಅಡ್ಡ ಹಿಡಿದಾಗ ಮೂಳೆ ಮುರಿದ ಸದ್ದು ಬೀದಿಯವರೆಗೂ ಕೇಳಿತು. ಸುತ್ತ ನಿಂತ ನಲವತ್ತು ಗಂಡಸರಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ಡ್ರೂಸಿಲ್ಲಾ ಓಡಿಹೋಗಿ ಗಂಡನ ಮೇಲೆ ಕವುಚಿ ಬಿದ್ದಳು.

"ಸಾಕು ಅಪ್ಪ... ಕೊಂದೇಬಿಡ್ತೀರಾ!"

"ಆಚೆ ಸರಿಯೇ!" ಎಂದ ತಂದೆ ಅವಳ ಬೆನ್ನಿಗೂ ಬಾರಿಸಿದರು. ಕೈಗೋಲು ಎರಡು ತುಂಡಾದ ಮೇಲೆಯೇ ನಿಂತರು.

ಎಲೈಹುವಿನ ಎಡಗಣ್ಣು ಹೋಯಿತು. ಬಲಗೈ ಮತ್ತೆಂದೂ ನೆಟ್ಟಗಾಗಲಿಲ್ಲ. ಆದರೂ ವಿಚಾರಣೆಯ ದಿನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಎದ್ದು ನಿಂತ. ಕರ್ನಲ್‌ಗೆ ಹೆದರಿ ಸಾಕ್ಷಿಗಳೆಲ್ಲ ಒಬ್ಬೊಬ್ಬರಾಗಿ ಮಾತು ನುಂಗಿದರು. ರೂಫಸ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹಿಂದಿನ ಗೋಡೆಗೆ ಒರಗಿ ಕೆಝಾಯ ನಿಂತೇ ಇದ್ದಳು.

ನ್ಯಾಯಾಧೀಶರು, "ಇನ್ನು ಸಾಕ್ಷಿ ಉಂಟೇ?" ಎಂದರು.

ಎಲೈಹು ಎಡಗೈಯಲ್ಲಿ ಕಾಗದಗಳನ್ನು ಮಡಚಿದ. "ಇಲ್ಲ, ಸ್ವಾಮಿ..."

"ಇದೆ!" ಡ್ರೂಸಿಲ್ಲಾ ಎದ್ದು ನಿಂತಿದ್ದಳು. "ನಾನಿದ್ದೇನೆ. ಕರೆಯಿರಿ!"

ಎಲೈಹು ಹೆಂಡತಿಯ ಹೆಸರು ಹಿಡಿದು ಕರೆದ.

ಕಟಕಟೆಯಲ್ಲಿ ನಿಂತು ಅವಳು ಒಂದನ್ನೂ ಮುಚ್ಚಿಡಲಿಲ್ಲ, "ಆಮೇಲೂ ಹೊಡೆದೆ" ಎಂಬ ಆ ಮಾತನ್ನು ಕೂಡ. "ಅಕ್ಕಾ! ನೀನಾ ಅಕ್ಕಾ!" ಎಂದು ರೂಫಸ್ ಕಿರುಚಿದ. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು...

ಗಲ್ಲು ಶಿಕ್ಷೆಯಾಯಿತು. ಶಾಸನಸಭೆಯ ಚುನಾವಣೆಯಲ್ಲಿ ಎಲೈಹುವಿಗೆ ಇಡೀ ಊರಿನಿಂದ ಬಿದ್ದದ್ದು ಹನ್ನೊಂದು ಮತ. ಅವರ ಮನೆಯ ಕಿಟಕಿಯಲ್ಲಿ ಒಂದು ಗಾಜೂ ಉಳಿಯಲಿಲ್ಲ.

ನೇಣಿನ ದಿನ ಬೆಳಗ್ಗೆ ಡ್ರೂಸಿಲ್ಲಾ ಸೆರೆಮನೆಗೆ ಹೋದಳು. ರೂಫಸ್ ಬಾಗಿಲನ್ನೇ ನೋಡುತ್ತಿದ್ದ.

"ಅಪ್ಪ ಬರಲಿಲ್ವಾ ಅಕ್ಕ?"

"ಇಲ್ಲ ಕಣೋ."

"ನೀನ್ಯಾಕೆ ಬಂದೆ ಮತ್ತೆ?"

"ನಿನ್ನನ್ನ ಒಬ್ಬನೇ ಕಳಿಸಲಾ?"

ಅವನು ಆಗ ಅತ್ತ, ಎಳೆಯ ಮಗುವಿನ ಹಾಗೆ. ನೇಣುಗಂಬದಲ್ಲಿ ಅವನ ಕಾಲಡಿಯ ಹಲಗೆ ಜಾರುವವರೆಗೂ ಅವಳು ಅವನ ಕಣ್ಣಿನಿಂದ ತನ್ನ ಕಣ್ಣು ತೆಗೆಯಲಿಲ್ಲ.

ಗಂಡ ಹೆಂಡತಿ ಇಬ್ಬರೇ ಹೆಣವನ್ನು ಗಾಡಿಯಲ್ಲಿಟ್ಟು ತವರಿಗೆ ಒಯ್ದರು. ಕರ್ನಲ್ ಮನೆತನದ ಸಮಾಧಿ ತೋಟದ ಗೇಟಿಗೆ ಬೀಗ ಹಾಕಿಸಿ ಆಚೆ ನಿಂತಿದ್ದರು.

"ಗಲ್ಲಿಗೇರಿದವನಿಗೆ ಹ್ಯಾಡ್ಲಿಗಳ ಪಕ್ಕ ಜಾಗವಿಲ್ಲ."

ಮಗನಿಗೋಸ್ಕರ ಅಳಿಯನ ಕಣ್ಣು ಕಿತ್ತವರು ಮಗನ ಮುಖವನ್ನೂ ನೋಡಲಿಲ್ಲ! ಡ್ರೂಸಿಲ್ಲಾ ಕುದುರೆಯನ್ನು ತಿರುಗಿಸಿದಳು.

ತಮ್ಮ ಹಿತ್ತಿಲಿನಲ್ಲಿ ಎಲೈಹು ಎಡಗೈಯೊಂದರಲ್ಲೇ ಗುದ್ದಲಿ ಹಿಡಿದು ಮಣ್ಣು ಅಗೆಯತೊಡಗಿದ. ನೆಲ ಗಟ್ಟಿಯಾಗಿತ್ತು. ಮೊಣಕಾಲುದ್ದ ತೋಡುವಷ್ಟರಲ್ಲಿ ಅವನು ಏದುಸಿರು ಬಿಡುತ್ತಿದ್ದ.

"ಕೊಡಿ ಇಲ್ಲಿ," ಎಂದು ಡ್ರೂಸಿಲ್ಲಾ ಗುಂಡಿಗೆ ಇಳಿದಳು. "ಉಳಿದದ್ದು ನಾನು ತೋಡ್ತೀನಿ. ನೀವು ಅವನ ಹತ್ತಿರ ಕೂತಿರಿ."