ಸೈನಬಕ್ಕ ಒಪ್ಪಿಕೊಂಡ ಕಳವು

"ನನ್ನ ಉಮ್ಮ ಕಳವು ಒಪ್ಪಿಕೊಂಡಿದ್ದಾರೆ. ಅವರು ಕದ್ದಿಲ್ಲ ಅಂತ ನೀವು ತೋರಿಸಿಕೊಡಬೇಕು ಟೀಚರ್," ಎನ್ನುತ್ತ ನರಿಕೊಂಬಿನ ಫಾಹಿಮಾ ನಮ್ಮ ಮನೆಗೆ ಬಂದಾಗ ನಾನು ಬಿಸಿ ಗೋಳಿಬಜೆಯ ತಟ್ಟೆಗೆ ಕೈ ಹಾಕಿದ್ದೆ. ಊರಿನ ಪತ್ತೇದಾರಿಕೆಯೆಲ್ಲ ನನ್ನ ಹೆಂಡತಿಯದು. ಪುಂಜಾಲಕಟ್ಟೆಯ ಶಾಲೆಯಿಂದ ನಿವೃತ್ತಳಾದರೂ ಎಲ್ಲರಿಗೂ ಅವಳು ಶಶಿಪ್ರಭಾ ಟೀಚರ್. ಗಂಡನಾದ ನಾನೂ ಹಾಗೆಯೇ ಕರೆಯುತ್ತೇನೆ. ಸ್ಕೂಟರ್ ಓಡಿಸುವುದು, ಬಾಯಿ ಮುಚ್ಚಿಕೊಂಡಿರುವುದು ನನ್ನ ಕೆಲಸ. ಎರಡನೆಯದು ನನಗೆ ಬರುವುದಿಲ್ಲ.

ಫಾಹಿಮಾಳಿಗೆ ಮುಂದಿನ ವಾರ ಮದುವೆ. ಬೀಗರಿಗೆಂದು ಮಾಡಿಟ್ಟ ತುಕ್ಕುಡಿಯ ಡಬ್ಬಿ ಶುಕ್ರವಾರ ಖಾಲಿಯಾಗಿತ್ತು. ಮೈದಾ ಕರಿದು ಸಕ್ಕರೆ ಸವರಿದ ಆ ಗರಿಗರಿ ತಿಂಡಿಯ ಹೆಸರು ಬರೆಯುವಾಗಲೇ ನನಗೆ ಬಾಯಲ್ಲಿ ನೀರೂರುತ್ತದೆ.

"ಉಮ್ಮನ ಕೆನ್ನೆ ಉಬ್ಬಿತ್ತು. ಬಾಯಲ್ಲಿ ಎಂತ ಅಂತ ಕೇಳಿದೆ. 'ತುಕ್ಕುಡಿ, ನಾನೇ ತಿಂದದ್ದು' ಅಂದ್ರು. ಅವತ್ತಿನಿಂದ ಉಪ್ಪ ಬೈಯುವುದು ನಿಲ್ಲಿಸಿಲ್ಲ."

ನಾವು ಹೋದಾಗಲೂ ಅವಳ ತಂದೆ ಅಬ್ದುಲ್ ಹಕೀಂ ಬೈಯುತ್ತಲೇ ಇದ್ದರು. "ನನಗೆ ಸಕ್ಕರೆ ಕಾಯಿಲೆ ಉಂಟು ಟೀಚರ್. ಸಪ್ಪೆ ಚಾ ಕುಡಿದು ನಾನು ಬದುಕ್ತಾ ಇಲ್ವಾ? ಇವಳಿಗೆ ನಾಲಗೆ ಹಿಡಿಯಲಿಕ್ಕೆ ಆಗುದಿಲ್ವಾ? ಅಳುದು ನೋಡಿ, ಒಂದು ಹನಿ ಕಣ್ಣೀರು ಉಂಟಾ? ಎಲ್ಲ ನಾಟಕ!" ಎಂದು ಎದೆಗೆ ಎರಡು ಸಲ ಪಟಪಟನೆ ಬಡಿದುಕೊಂಡರು. ಇಂಥ ನ್ಯಾಯನಿಷ್ಠೆ ಕಂಡು ನನಗೆ ಗೌರವ ಬಂತು.

ಮೂಲೆಯಲ್ಲಿ ಕೂತ ಫಾಹಿಮಾಳ ತಾಯಿ ಸೈನಬಕ್ಕ ಬಿಕ್ಕುತ್ತಿದ್ದರು. ಕೈಯಲ್ಲಿ ನೀರಿನ ಬಾಟಲಿ, ಎಡಗೆನ್ನೆಯ ಮೇಲೆ ಎಳೆದುಕೊಂಡ ಶಾಲು. ಕಣ್ಣು ಕೆಂಪಾಗಿತ್ತು, ಹನಿ ಮಾತ್ರ ಇರಲಿಲ್ಲ.

ಟೀಚರ್ ನನ್ನನ್ನು ಅಂಗಡಿಗೆ ಓಡಿಸಿ ತುಕ್ಕುಡಿ ತರಿಸಿದಳು. ಮನೆಯವರನ್ನೆಲ್ಲ ಚಾವಡಿಯಲ್ಲಿ ಕೂರಿಸಿ, "ಒಂದೊಂದು ತಿನ್ನುವ. ಯಾರೂ ನೀರು ಕುಡಿಯಬಾರದು," ಎಂದಳು.

ನಾನು ನಾಲ್ಕು ತಿಂದೆ. ಸೈನಬಕ್ಕ ಒಂದನ್ನೇ ಅಗಿದರು, ಅಗಿದೇ ಅಗಿದರು, ಕೊನೆಗೆ ಗಂಟಲು ಹಿಡಿದುಕೊಂಡರು. ಟೀಚರ್ ತಾನೇ ಓಡಿ ಬಾಟಲಿ ಕೊಟ್ಟಳು.

"ಒಂದು ತುಂಡಿಗೆ ಅರ್ಧ ಬಾಟಲಿ. ಇಡೀ ಡಬ್ಬಿಗೆ ನೇತ್ರಾವತಿ ಹೊಳೆಯೂ ಸಾಲದು," ಎಂದಳು. "ಶುಕ್ರವಾರ ತಿಂದ ತುಕ್ಕುಡಿ ಇವತ್ತಿನವರೆಗೆ ಕೆನ್ನೆಯಲ್ಲಿ ಇರ್ತದಾ? ಬಾಯಿ ಇಷ್ಟು ಒಣಗಿದವರಿಗೆ ಕಣ್ಣೂ ಒಣಗಿರಬಾರದಾ?"

"ಹಾಗಾದ್ರೆ ತಿಂದದ್ದು ಯಾರು?" ಹಕೀಂ ಗುಡುಗಿ ಮತ್ತೊಮ್ಮೆ ಎದೆಗೆ ಬಡಿದುಕೊಂಡರು.

"ಅದು ಸಿಟ್ಟಲ್ಲ ಹಕೀಮಾಕ, ಇರುವೆ. ಸ್ವಲ್ಪ ಅಂಗಿಯ ಜೇಬು ತೋರಿಸಿ."

ಜೇಬಿನಿಂದ ಎರಡು ತುಕ್ಕುಡಿಯೂ ಇರುವೆಗಳ ದೊಡ್ಡ ಸಂಸಾರವೂ ಹೊರಬಿದ್ದವು. ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ.

"ಮಾಡದ ಕಳವನ್ನು ಯಾಕೆ ಒಪ್ಪಿಕೊಂಡ್ರಿ ಸೈನಬಕ್ಕ? ಅದಕ್ಕಿಂತ ದೊಡ್ಡದು ಎಂತದೋ ಮುಚ್ಚಿಡಲಿಕ್ಕೆ ಇತ್ತಲ್ಲ," ಎಂದು ಮೆಲ್ಲನೆ ಶಾಲು ಸರಿಸಿದಳು. ಕಿವಿಯ ಕೆಳಗೆ ಸಣ್ಣ ಲಿಂಬೆಯಷ್ಟು ಗಡ್ಡೆ.

"ಬಾಯಿ, ಕಣ್ಣು ಒಣಗುದನ್ನು ಮೊದಲೇ ತಂಗಿಯ ಜೊತೆ ಮಂಗಳೂರಿನಲ್ಲಿ ತೋರಿಸಿದ್ದೆ. ಇಲ್ಲಿ ಯಾರಿಗೂ ಹೇಳಲಿಲ್ಲ," ಎಂದರು ಸೈನಬಕ್ಕ. "ರೋಗ ತಡೆಯುವ ಶಕ್ತಿಯೇ ನನ್ನ ಎಂಜಲು, ಕಣ್ಣೀರಿನ ಗ್ರಂಥಿಗಳ ಮೇಲೆ ಬಿದ್ದಿದೆಯಂತೆ. ಎಲ್ಲರಿಗೂ ಆಗುದಿಲ್ಲ, ಆದ್ರೆ ಕೆಲವರಿಗೆ ಲಿಂಫೋಮಾ ಅಂತ ಕ್ಯಾನ್ಸರ್ ಆಗ್ತದೆ, ಗಡ್ಡೆ ಬಂದು ಇಳಿಯದಿದ್ರೆ ಕೂಡ್ಲೆ ಬನ್ನಿ ಅಂದಿದ್ರು ಡಾಕ್ಟ್ರು. ಹೋದ್ರೆ ಇವಳ ಮದುವೆ ನಿಲ್ತದೆ ಅಂತ ಹೆದರಿದೆ."

ಫಾಹಿಮಾ ತಾಯಿಯನ್ನು ತಬ್ಬಿಕೊಂಡಳು. ನಾನು ಕೈಗೆತ್ತಿಕೊಂಡಿದ್ದ ಐದನೆಯ ತುಕ್ಕುಡಿಯನ್ನು ಕೆಳಗಿಟ್ಟೆ.

"ಮದುವೆ ಮುಂದೆ ಹಾಕುವ ಸೈನಬಾ," ಎಂದರು ಹಕೀಂ. ಆ ಮನೆಯಲ್ಲಿ ಅವರ ಸಣ್ಣ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. "ಏಳು. ಕಾರು ತೆಗೀತೇನೆ."

ಪರೀಕ್ಷೆಯಲ್ಲಿ ಅದು ಲಿಂಫೋಮಾ ಎಂದೇ ತಿಳಿಯಿತು. ನಿಧಾನವಾಗಿ ಬೆಳೆಯುವ ಬಗೆ, ಬೇಗ ಸಿಕ್ಕಿತು, ಚಿಕಿತ್ಸೆಗೆ ಬಗ್ಗುತ್ತದೆ ಎಂದರು ಡಾಕ್ಟರು. ಬೀಗರು ಸಂತೋಷದಿಂದ ಕಾದರು.

ನಿಕಾಹ್ ನಡೆದ ದಿನ ಸೈನಬಕ್ಕನ ಕೆನ್ನೆ ಇಳಿದಿತ್ತು. ಮಗಳನ್ನು ಕಳಿಸುವಾಗ ಅವರು ಬಿಕ್ಕಿ ಬಿಕ್ಕಿ ಅತ್ತರು, ಮತ್ತೆ ಒಂದು ಹನಿಯೂ ಇಲ್ಲ. ಹಕೀಂ ಜೇಬಿಗೆ ಕೈ ಹಾಕಿದರು. ಟೀಚರ್ ನೆಟ್ಟಗಾದಳು. ಹೊರಬಂದದ್ದು ಕಣ್ಣಿನ ಮದ್ದಿನ ಪುಟ್ಟ ಬಾಟಲಿ. ಹೆಂಡತಿಯ ಗಲ್ಲ ಎತ್ತಿ ಎರಡೂ ಕಣ್ಣಿಗೆ ಒಂದೊಂದು ಹನಿ ಬಿಟ್ಟರು. ಅದು ಕೆನ್ನೆಯ ಮೇಲೆ ಇಳಿಯಿತು.

"ಈಗ ಅಳು," ಎಂದರು. ಹಕೀಂ ಅವರ ಕಣ್ಣಿಗೆ ಮದ್ದು ಬೇಕಾಗಿರಲಿಲ್ಲ.